ಭಾರ ತಡೆದದ್ದು

“ಬಿಚ್ಚಿ! ಪಟ್ಟಿ ಹೊಲಿಗೆ ಎಲ್ಲಾ ಬಿಚ್ಚಿ!”

ಮ್ಯಾನೇಜರ್ ಕೂಗಿದ ರಭಸಕ್ಕೆ ನಲವತ್ತು ಹೊಲಿಗೆ ಮೆಷಿನ್‌ಗಳು ಒಂದೊಂದಾಗಿ ನಿಂತವು. ಖರೀದಿದಾರರಿಂದ ಆಗಷ್ಟೇ ಬಂದ ಕಾಗದ ಅವನ ಕೈಯಲ್ಲಿತ್ತು. ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದ ಎರಡು ಸಾವಿರ ಬೆನ್ನುಚೀಲಗಳತ್ತ ಅದನ್ನು ಬೀಸಿ, ನೇರವಾಗಿ ದೊಡ್ಡಮ್ಮನ ಮುಂದೆ ಬಂದು ನಿಂತ.

ಅಲ್ಲಿ ಎಲ್ಲರಿಗೂ ಆಕೆ ದೊಡ್ಡಮ್ಮನೇ. ಇಪ್ಪತ್ತಾರು ವರ್ಷದಿಂದ ಚೀಲಕ್ಕೆ ಭುಜದ ಪಟ್ಟಿ ಕೂರಿಸುವವಳು. ಪಟ್ಟಿಯ ಬುಡಕ್ಕೆ ಇನ್ನೊಂದು ಸುತ್ತು ಹೊಲಿಗೆ ಬೇಕೇ ಬೇಕೆಂದು ಈ ಸಲ ಹಟ ಹಿಡಿದವಳೂ ಅವಳೇ.

“ನಿಮ್ಮ ಮಾತು ಕೇಳಿ ಕೆಟ್ಟೆ, ದೊಡ್ಡಮ್ಮ. ಮಾದರಿಗೆ ಕಳಿಸಿದ ಚೀಲ ಹೆಲ್ಡ್ ಅಪ್ ಅಂತ ಬರೆದಿದ್ದಾರೆ. ಪರೀಕ್ಷೆಲೇ ತಡೆದುಬಿಟ್ಟಿದ್ದಾರೆ. ನಾಳೆಯಿಂದ ಪಟ್ಟಿ ಮುಟ್ಟಬೇಡಿ, ದಾರ ಕತ್ತರಿಸೋ ಮೇಜಿಗೆ ಹೋಗಿ.”

ಪಕ್ಕದ ಮೆಷಿನ್ನಿನವಳು ಆಗಲೇ ಒಂದು ಚೀಲ ಮಡಿಲಿಗೆ ಎಳೆದುಕೊಂಡು ಬ್ಲೇಡು ಹಿಡಿದಿದ್ದಳು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು. “ತಾಳೇ.”

ಹೋಲ್ಡ್ ಅಪ್, ಹೆಲ್ಡ್ ಅಪ್ ಎಂಬ ಮಾತನ್ನು ದೊಡ್ಡಮ್ಮ ಬಲ್ಲಳು. ಟೀಚರ್ ಆಗಿದ್ದ ಸೊಸೆ ಒಂದು ವರ್ಷದಿಂದ ಸಂಜೆ ಹೊತ್ತು ಅವಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಕೈ ಎತ್ತಿ ಹಿಡಿದರೂ ಹೋಲ್ಡ್ ಅಪ್, ದಾರಿಯಲ್ಲಿ ತಡವಾದರೂ ಅದೇ, ಕಳ್ಳರು ಅಡ್ಡಗಟ್ಟಿದರೂ ಅದೇ ಎಂದಾಗ ದೊಡ್ಡಮ್ಮ ಪುಸ್ತಕ ಮುಚ್ಚಿಬಿಟ್ಟಿದ್ದಳು. “ಒಂದೇ ಮಾತಿಗೆ ಊರೆಲ್ಲಾ ಅರ್ಥ! ಇದೆಂಥಾ ಭಾಷೆನೇ?”

“ನಮ್ಮದೇನು ಕಮ್ಮಿನಾ, ಅತ್ತೆ? ದಾರಿ ತಡೆಯೋದು ಬೇರೆ, ಭಾರ ತಡೆಯೋದು ಬೇರೆ ಅಲ್ವಾ? ಇದೂ ಹಾಗೇ,” ಎಂದು ಸೊಸೆ ನಕ್ಕಿದ್ದಳು.

ದೊಡ್ಡಮ್ಮ ಕೈ ಚಾಚಿದಳು. “ಕಾಗದ ಕೊಡಿ ಸಾರ್.”

“ನೀವು ಓದ್ತೀರಾ?”

ಹಿಂದೆ ಯಾರೋ ಕಿಸಕ್ಕೆಂದರು. ಸಾಲಿನ ಕೆಳಗೆ ಬೆರಳಿಟ್ಟು ಅವಳು ಅಕ್ಷರ ಕೂಡಿಸುತ್ತ ಹೋದಳು. ಆ ಮಾತಿನ ಪಕ್ಕದಲ್ಲೇ ಇನ್ನೊಂದು ಪುಟ್ಟ ಪದ ಕೂತಿತ್ತು.

“ಹೆಲ್ಡ್ ಅಪ್ ವೆಲ್ ಅಂತಿದೆಯಲ್ಲ ಸಾರ್! ಚೆನ್ನಾಗಿ ತಡೆದು ನಿಲ್ಲಿಸಿದ್ವಿ ಅಂತ ಯಾರಾದರೂ ಬರೀತಾರಾ? ಚೀಲ ಚೆನ್ನಾಗಿ ಭಾರ ತಡೀತು ಅಂತ ಬರೆದಿದ್ದಾರೆ. ಬೇಕಾದ್ರೆ ಫೋನ್ ಮಾಡಿ ಕೇಳಿ.”

ಮ್ಯಾನೇಜರ್ ಹುಬ್ಬು ಗಂಟಿಕ್ಕಿಕೊಂಡೇ ಫೋನ್ ಮಾಡಿದ. ನಾಲ್ಕು ಮಾತು ಕೇಳುವಷ್ಟರಲ್ಲಿ ಗಂಟು ಸಡಿಲಿತು.

“ಮೂವತ್ತು ಕಿಲೋ ತೂಗುಹಾಕಿ ಮೂರು ದಿನ ಬಿಟ್ಟಿದ್ರಂತೆ,” ಎಂದ ಮೆಲ್ಲಗೆ. “ಒಂದು ಎಳೆನೂ ಜಗ್ಗಲಿಲ್ವಂತೆ. ಇನ್ನೂ ಐದು ಸಾವಿರ ಬೇಕಂತೆ. ಪಟ್ಟಿ ಮಾತ್ರ ಇದೇ ಕೈಯದ್ದೇ ಇರಬೇಕಂತೆ.”

ಪಕ್ಕದ ಮೆಷಿನ್ನಿನವಳು ಮೇಜು ಗುದ್ದಿದಳು. ಅವಳ ಹಿಂದೆ ಇಡೀ ಶೆಡ್ಡೇ ಗುದ್ದಿತು. “ದೊಡ್ಡಮ್ಮಾ, ನಮಗೂ ಓದಿ ಹೇಳು!”

ಮ್ಯಾನೇಜರ್ ತನ್ನ ಕುರ್ಚಿಯನ್ನು ತಾನೇ ಎಳೆತಂದಿಟ್ಟ. ಅವಳು ಕೂರಲಿಲ್ಲ. ಕನ್ನಡಕ ಒರೆಸಿ ಏರಿಸಿಕೊಂಡು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ನಡುವೆ ಒಂದು ಉದ್ದನೆಯ ಪದ ಎದುರಾಯಿತು, ನಿಂತಳು. ಹೆಂಗಸರೆಲ್ಲ ಮೆಷಿನ್‌ಗಳ ಮೇಲೆ ಕೈಯಿಟ್ಟು, ಸದ್ದಿಲ್ಲದೆ ಕಾದರು.