ಚೆನ್ನಯನಿಗೆ ಹೇಳದ ಮಾತು

೧೯೯೧ರಲ್ಲಿ ಮುಂಬಯಿಯ ಗೋರೆಗಾಂವ್‌ನ ಒಂದು ವರ್ಕ್‌ಶಾಪಿಗೆ ಅಕ್ರಿಲಿಕ್ ಹಾಳೆ ಕತ್ತರಿಸುವ ಲೇಸರ್ ಯಂತ್ರ ಬಂತು. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಮೈಸೂರಿನ ಸತ್ಯಮೂರ್ತಿ ಅಲ್ಲಿ ಸೂಪರ್‌ವೈಸರ್. ಬಾಂದ್ರಾದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ಉಡುಪಿ ಕಡೆಯ ಚೆನ್ನಯನನ್ನು ಅವರೇ ಕರೆತಂದು ಕೆಲಸ ಕಲಿಸಿದರು.

"ಈ ಗಾಜಿನ ಟ್ಯೂಬಲ್ಲಿ ಗ್ಯಾಸ್ ಇದೆ. ಕರೆಂಟ್ ಕೊಟ್ರೆ ಅದರಿಂದ ಬೆಳಕು ಹೊರಡುತ್ತೆ. ಎರಡು ತುದಿಯ ಕನ್ನಡಿ ಮಧ್ಯೆ ಹೋಗಿ ಬಂದು, ಹೋಗಿ ಬಂದು ಬಲವಾಗಿ, ಒಂದು ಕನ್ನಡಿಯಿಂದ ಸ್ವಲ್ಪ ಆಚೆ ಬರುತ್ತೆ. ಕೆಳಗಿರೋ ಲೆನ್ಸು ಅದನ್ನೆಲ್ಲ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತೆ. ಕತ್ತರಿಸೋದು ಅದು."

"ಬೆಳಕು ಕಾಣುವುದೇ ಇಲ್ಲವಲ್ಲ ಸಾರ್?"

"ಕಾಣಲ್ಲ ಕಣಯ್ಯ. ಅದಕ್ಕೇ ಹುಷಾರಾಗಿರಬೇಕು. ಮುಚ್ಚಳ ತೆಗೆದರೆ ತಾನೇ ನಿಲ್ಲುತ್ತೆ, ಸ್ವಿಚ್ ಇದೆ."

ಕೆಲವು ತಿಂಗಳಲ್ಲೇ ಆ ಸ್ವಿಚ್ ಕೆಟ್ಟಿತು. ಮುಚ್ಚಳ ಹಾಕಿದ್ದರೂ ಕಿರಣ ನಡುವೆಯೇ ನಿಂತು ಹಾಳೆಗಳು ಹಾಳಾಗತೊಡಗಿದವು. ಹೊಸ ಸ್ವಿಚ್ ಬರುವವರೆಗೆ ಕೆಲಸ ನಿಲ್ಲಿಸಲು ವರ್ಕ್‌ಶಾಪಿನ ಮಾಲೀಕ ಸೇಠ್ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಸತ್ಯಮೂರ್ತಿ ಸ್ವಿಚ್ಚನ್ನು ಬಿಟ್ಟು ಅದರ ಎರಡು ವೈರುಗಳನ್ನು ನೇರವಾಗಿ ಜೋಡಿಸಿಬಿಟ್ಟರು; ಇನ್ನು ಮುಚ್ಚಳ ತೆಗೆದರೂ ಕಿರಣ ನಿಲ್ಲುತ್ತಿರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡವರು ಚೆನ್ನಯನಿಗೆ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಾಳೆ ಸರಿಯಾಗಿ ಕತ್ತರಿಸುತ್ತಿರಲಿಲ್ಲ. ಒಳಗಿನ ಕನ್ನಡಿಯೊಂದು ಸಡಿಲವಾಗಿತ್ತು. ಚೆನ್ನಯ ಮುಚ್ಚಳ ತೆಗೆದು ಬಗ್ಗಿ ನೋಡಿದ. ಲೆನ್ಸಿಗೆ ಹೋಗಬೇಕಾದ ಕಿರಣ ಅವನ ಬಲಗಣ್ಣಿಗೆ ಬಡಿಯಿತು. ಮುಖ ಹಿಡಿದುಕೊಂಡು ಕುಸಿದ.

ಎಚ್ಚರಿಸಿದ್ದರೂ ಅವನೇ ತಲೆ ಒಳಗೆ ಹಾಕಿದ ಎಂದು ಸೇಠ್ ರಿಪೋರ್ಟ್ ಬರೆಸಿದ. ಸತ್ಯಮೂರ್ತಿ ಸಹಿ ಮಾಡಿದರು. ಬೊರಿವಲಿಯ ಮನೆಯಲ್ಲಿ ಹೆಂಡತಿ ಪಂಕಜಾಳಿಗೂ ಬಾಯಿಬಿಡಲಿಲ್ಲ.

ವಾರದ ನಂತರ ಆಸ್ಪತ್ರೆಗೆ ಹೋದರು. ಕಣ್ಣಿನ ಮುಂಭಾಗದ ಪೊರೆ ಸುಟ್ಟು ಬೆಳ್ಳಗಾಗಿದೆ ಎಂದು ಡಾಕ್ಟರು ಆಗಲೇ ಹೇಳಿಯಾಗಿತ್ತು.

"ನನ್ನದೇ ತಪ್ಪು ಸಾರ್," ಎಂದ ಚೆನ್ನಯ. "ನೀವು ಹುಷಾರು ಅಂತ ಹೇಳಿದ್ರಿ. ಮುಚ್ಚಳ ತೆಗೆದರೆ ನಿಲ್ಲುತ್ತದೆ ಅಂತ ಗ್ರಹಿಸಿದೆ."

ಸತ್ಯಮೂರ್ತಿ ಸ್ಟೂಲು ಎಳೆದು ಕುಳಿತರು.

"ನಿಲ್ಲಬೇಕಾಗಿತ್ತು ಕಣಯ್ಯ. ಆ ಸ್ವಿಚ್ಚು ತಪ್ಪಿಸಿದ್ದು ನಾನು."



"ಒಂದು ಮಾತು ಹೇಳಬಹುದಿತ್ತಲ್ಲ ಸಾರ್," ಎಂದು ಚೆನ್ನಯ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಸತ್ಯಮೂರ್ತಿ ಸರ್ಕಾರಿ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಳಿ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟರು. ಕೆಲಸ ಹೋಯಿತು. ಚೆನ್ನಯನಿಗೆ ಪರಿಹಾರವೇನೋ ಸಿಕ್ಕಿತು, ಕಣ್ಣು ಬರಲಿಲ್ಲ. ಅವನ ಕೋಣೆಗೆ ಅವರು ಎರಡು ಸಲ ಹೋದರು. ಎರಡನೆಯ ಸಲ ಅವನು ಬಾಗಿಲಲ್ಲೇ ನಿಂತು, "ಇನ್ನು ಬರಬೇಡಿ ಸಾರ್" ಎಂದ. ಅವರು ಮತ್ತೆ ಹೋಗಲಿಲ್ಲ.