ಕೊನೆಯ ಬೆಂಚಿನ ಎಡಗೈ

ಪೇಂಟಿನ ವಾಸನೆ ಇನ್ನೂ ಹೋಗಿಲ್ಲ, ಒಂಬತ್ತು ದಿನವಾಯಿತು, ಈ ಆಷಾಢದ ಮಳೆಯಲ್ಲಿ ಯಾವುದು ತಾನೇ ಒಣಗುತ್ತದೆ, ಆಫೀಸಿನ ಕಿಟಕಿಯ ಗಾಜಿನ ಮೇಲೆ ಹಳದಿ ಬಣ್ಣದ ಒಂದು ಹನಿ ಗಟ್ಟಿಯಾಗಿ ಕೂತುಬಿಟ್ಟಿದೆ, ಉಗುರಿನಲ್ಲಿ ಕೆರೆದರೆ ಬರುತ್ತದೇನೋ, ಆದರೆ ಕೈಯಲ್ಲಿ ಪೆನ್ನು, ಎದುರಿಗೆ ಬಿಳಿ ಹಾಳೆ, ಅದರ ಮೇಲೆ ನನ್ನದೇ ದುಂಡಗಿನ ಅಕ್ಷರ — ಕುಮುದಾ, ಸಹಶಿಕ್ಷಕಿ, ನಾಲ್ಕನೇ ತರಗತಿ — ಅಷ್ಟು ಬರೆದು ಅರ್ಧ ಗಂಟೆಯಾಯಿತು, ಮುಂದಕ್ಕೆ ಒಂದಕ್ಷರ ಇಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಫ್ಲೇವಿಯಾ ಜಗಲಿಯಲ್ಲಿ ಫೋನಿನಲ್ಲಿದ್ದಾರೆ, ಹೌದು ಫಾದರ್, ಹೇಳಿಕೆ ಬರೀತಿದ್ದಾರೆ ಫಾದರ್, ಎದ್ದು ಹೋಗುವ ಮುಂಚೆ ನನಗೂ ಹೇಳಿಯೇ ಹೋದರು, ಸಿಂಪಲ್ಲಾಗಿ ಬರೀರಿ ಕುಮುದಾ, ಮಗು ಏನೂ ಹೇಳಲಿಲ್ಲ, ಕೈ ಎತ್ತಲಿಲ್ಲ, ಒಮ್ಮೆಲೇ ಕುಸಿದು ಬಿತ್ತು, ಅಷ್ಟೇ, ಉದ್ದ ಬೇಡ. ಉದ್ದ ಬೇಡವಂತೆ. ವಿನಯಾ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೆಷಿನ್ನಿನ ಉಸಿರಿನಲ್ಲಿ ಮಲಗಿದ್ದಾಳೆ, ಒಂಬತ್ತು ವರ್ಷದ ಹುಡುಗಿ, ಕಣ್ಣು ಬಿಟ್ಟಿಲ್ಲ, ಅದಕ್ಕೆ ಮೂರು ಸಾಲು ಸಾಕು. ಸಿಸ್ಟರ್ ಕೆಟ್ಟವರೇನಲ್ಲ, ನಾನು ಸೇರಿದಾಗ ಒಂದನೇ ಕ್ಲಾಸಿನ ಮಕ್ಕಳಿಗೆ ತಾವೇ ಕೈ ಹಿಡಿದು ತಿದ್ದಿಸುತ್ತಿದ್ದರು, ಈಗ ಇಡೀ ದಿನ ಫೈಲು, ಸರ್ಕ್ಯುಲರ್ರು, ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಬಂದಾಗ ಏನು ಕಾಣಬೇಕು. ಬರುವ ಜೂನಿಗೆ ನನ್ನನ್ನು ಕಾಯಂ ಮಾಡುತ್ತೇನೆ ಎಂದಿದ್ದಾರೆ, ಐದನೇ ಸಲ.

ಐಡಿಯಾ ನನ್ನದೇ, ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ. ಸೇರಿದ ಎರಡನೇ ವರ್ಷ, ಶಾಲೆಗಳನ್ನು ನಡೆಸುವ ಮಂಡಳಿಯವರು ತಪಾಸಣೆಗೆ ಹೊಸನಗರಕ್ಕೂ ಬರುತ್ತಾರೆಂದು ಎಲ್ಲರಿಗೂ ಎದೆ ಡವಡವ, ಮೂರು ನಾಲ್ಕು ಎರಡೂ ಕ್ಲಾಸು ಆಗ ನನ್ನ ಕೊರಳಿಗೆ, ಐವತ್ತೆರಡು ಮಕ್ಕಳು, ಇಪ್ಪತ್ತಕ್ಕೆ ಒಂದು ಸಾಲು ನೆಟ್ಟಗೆ ಓದಲು ಬಾರದು — ಬರುವ ಹಾಗೆ ಕಲಿಸಿದವರಾದರೂ ಯಾರು, ಬೋರ್ಡಿನಲ್ಲಿ ಉತ್ತರ ಬರೆಯುವುದು, ಅವು ಇಳಿಸಿಕೊಳ್ಳುವುದು, ಕೆಂಪಿಂಕಿನಲ್ಲಿ ಟಿಕ್ ಹಾಕುವುದು, ಅದಕ್ಕೆ ಪಾಠ ಅಂತ ಹೆಸರು, ಇದಕ್ಕೆಂದೇ ನಾನು ತೀರ್ಥಹಳ್ಳಿಯಲ್ಲಿ ಎರಡು ವರ್ಷ ಡಿ.ಇಡಿ. ಓದಿದ್ದು. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, ದೊಡ್ಡ ಜಾಣೆಯ ಹಾಗೆ, ಸಿಸ್ಟರ್, ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಲಿ, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ, ನಾವು ಬಲಗೈಯವರನ್ನೇ ಎಬ್ಬಿಸೋಣ, ಬಂದವರಿಗೆ ಕಾಣುವುದು ಪೂರ್ತಿ ಕ್ಲಾಸಿನ ಕೈ. ಸಿಸ್ಟರ್ ಹೆಸರು ಹಿಡಿದು ನನ್ನನ್ನು ಹೊಗಳಿದ್ದು ಆವತ್ತೇ ಮೊದಲು, ಮರುದಿನದಿಂದ ಇಡೀ ಶಾಲೆಗೆ ಅದೇ ನಿಯಮ. ಮಕ್ಕಳಿಗಂತೂ ಆಟ. ಆದರೆ ದಿನಾ ದಿನಾ ಆಡಿ ನನ್ನ ಕಣ್ಣೂ ಅದಕ್ಕೇ ಪಳಗಿತು, ಬಲಗೈ ಮಾತ್ರ ಕಾಣುವುದು, ಎಡಗೈ ಕಂಡರೂ ಕಾಣದು, ತಪಾಸಣೆ ಇಲ್ಲದ ದಿನವೂ. ವಿನಯಾ ಒಂದನೇ ಕ್ಲಾಸಿನಿಂದ ಎಡಗೈ, ಪ್ರಶ್ನೆ ಮುಗಿಯುವ ಮೊದಲೇ ಎತ್ತಿಬಿಡುವಳು, ನಗುತ್ತಲೇ. ಹೋದ ವರ್ಷ ಒಂದೇ ಒಂದು ಸಲ ಬಲಗೈ ಎತ್ತಿದ್ದಳು, ಉತ್ತರ ಗೊತ್ತಿತ್ತೋ ಏನೋ, ನಾನು ಕೇಳಿದರೆ ತಾನೇ, ಏ, ನಿಂದು ಎಡಗೈ ಅಲ್ವೇನೇ ಎಂದೆ, ಕ್ಲಾಸು ಗೊಳ್ಳೆಂದಿತು, ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಆಮೇಲೆ ಅವಳು ಬಲಗೈ ಎತ್ತಲಿಲ್ಲ.

ಆವತ್ತು ಬುಧವಾರ, ಈ ವರ್ಷದ ತಪಾಸಣೆ, ಗೋಡೆಗೆ ಬಣ್ಣ ಬಳಿದು ಎರಡು ದಿನ, ಮಳೆಗೆ ಕಿಟಕಿ ಮುಚ್ಚಿ, ಮಾಡಿನ ಶೀಟಿನ ಮೇಲೆ ಮಳೆಯ ಸದ್ದೋ ಸದ್ದು, ನನಗೇ ತಲೆ ಸಿಡಿಯುತ್ತಿತ್ತು. ಕ್ಲಾಸು ನೀಟಾಗಿ ಕಾಣಲಿ ಅಂತ ಬ್ಯಾಗುಗಳನ್ನೆಲ್ಲ ಸಾಮಾನು ಕೋಣೆಗೆ ಹಾಕಿಸಿ ಬೀಗ, ಬೀಗದ ಕೈ ಆಯಾ ಹುಲಿಯಮ್ಮನ ಸೊಂಟದಲ್ಲಿ. ಹುಲಿಯಮ್ಮ ಈಗ ಎಲ್ಲರ ಹತ್ತಿರ ಹೇಳಿಕೊಂಡು ಅಳುತ್ತಾಳೆ, ಬೆಳಗ್ಗೇನೇ ಕೇಳ್ತು ಕಣ್ರೀ ಮಿಸ್ ಹುಡ್ಗಿ, ಪಂಪು ಬ್ಯಾಗಲ್ಲೈತೆ ಅಂತು, ಆಮೇಲ್ ಕೊಡ್ತೀನಿ ಹೋಗು ಅಂದ್ಬಿಟ್ಟೆ, ನಂಗೇನ್ ಗೊತ್ತು ಉಬ್ಸದ್ ಪಂಪು ಅಂತ. ನನಗೆ ಗೊತ್ತಿತ್ತು. ತಪಾಸಣೆಗೆ ಬಂದ ಇಬ್ಬರಲ್ಲಿ ಕನ್ನಡಕದ ಹಿರಿಯರು ನನ್ನ ಮೇಜಿನ ಪಕ್ಕ ಕೂತು ಬರೆದುಕೊಳ್ಳುತ್ತಿದ್ದರು, ನಾನು ಶರಾವತಿ ಹುಟ್ಟುವುದೆಲ್ಲಿ ಎಂದೆ, ಕೈಗಳೆಲ್ಲ ಮೇಲೆ, ಮುಂದಿನ ಬೆಂಚಿನ ಗೌತಮ್ ಬಲಗೈ, ಹೇಳಿದ, ಲಿಂಗನಮಕ್ಕಿ ಯಾವ ತಾಲೂಕು ಎಂದೆ, ಮತ್ತೆ ಕೈಗಳು ಮೇಲೆ, ಮತ್ತೆ ಕೆಳಗೆ, ಒಂದು ಮಾತ್ರ ಇಳಿಯಲಿಲ್ಲ, ಕೊನೆಯ ಬೆಂಚಿನ ಮೂಲೆಯದು, ಎಡಗೈ ಮೇಲೆ, ಸೋತಿರಬೇಕು, ಬಲಗೈಯಿಂದ ಅದರ ಮೊಣಕೈಗೆ ಆಸರೆ ಕೊಟ್ಟು — ಇಲ್ಲ, ನಾನು ನೋಡಲಿಲ್ಲ, ಮಳೆ, ಪೇಂಟು, ಪಕ್ಕದಲ್ಲಿ ಆ ಮನುಷ್ಯ, ಯಾರು ತಾನೇ ನೋಡುತ್ತಾರೆ. ಅವರು ಹೊರಟ ಮೇಲೆ, ನಮಸ್ತೇ ಸರ್ ಎಂದು ಎಲ್ಲರೂ ಎದ್ದು ನಿಂತಾಗ ಅವಳು ಏಳಲಿಲ್ಲ, ತುಟಿ ನೀಲಿ. ಇಲ್ಲಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು, ತಪಾಸಣೆಯವರಿಗೆ ವಿಷಯವೇ ತಿಳಿಯಲಿಲ್ಲ, ಅವರ ಕಾರು ಅಷ್ಟರಲ್ಲಿ ಸಾಗರದ ಶಾಲೆಗೆ ಹೊರಟಾಗಿತ್ತು.

ಅವಳಪ್ಪ ಬೆಳ್ಳಪ್ಪ ಗೂಡ್ಸ್ ಆಟೋ ಓಡಿಸುವವನು, ಮೊನ್ನೆ ಆಸ್ಪತ್ರೆಗೆ ಹೋದಾಗ ನನ್ನನ್ನು ಕಂಡು ಬೆಂಚಿನಿಂದ ಎದ್ದು ನಿಂತ, ನನಗೆ ಕೂರಲು ಜಾಗ ಮಾಡಿದ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಿಸ್, ಉಬ್ಸ ಬಂದ್ರೆ ಅದ್ಕೆ ಮಾತು ಹೊರಡಲ್ಲ, ಅದ್ಕೇ ನಾನೇ ಹೇಳ್ಕೊಟ್ಟಿದ್ದೆ, ಸುಮ್ನೆ ಕೈ ಎತ್ತು, ಮಿಸ್ ನೋಡ್ತಾರೆ ಅಂತ, ಅದು ಕೈ ಎತ್ಲಿಲ್ವಾ ಮಿಸ್. ಇಲ್ಲ ಎಂದೆ. ನಾಲಿಗೆ ಒಂದು ಚೂರೂ ತೊದಲಲಿಲ್ಲ. ಹಂಗಾರೆ ಮರ್ತಿರ್ಬೇಕು ಎಂದು ಅವನು ತಲೆ ತಗ್ಗಿಸಿದ, ಮಗಳ ಪರವಾಗಿ ನನ್ನ ಹತ್ತಿರ ತಪ್ಪೊಪ್ಪಿಕೊಂಡವನ ಹಾಗೆ. ಬಸ್ಸಿನಲ್ಲಿ ರಿಪ್ಪನ್‌ಪೇಟೆ ದಾಟುವವರೆಗೂ ನನಗೆ ಅಳು ಬರಲಿಲ್ಲ.

ನಿನ್ನೆ ತಪಾಸಣೆಯ ವರದಿ ಬಂತು, ಸಿಸ್ಟರ್ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ, ಒಂದು ಪ್ರತಿ ಈ ಮೇಜಿನ ಮೇಲೂ ಇದೆ, ಬೋಧನೆಯ ಗುಣಮಟ್ಟ ಉತ್ತಮ, ನಾಯಕತ್ವ ಅತ್ಯುತ್ತಮ, ಮಕ್ಕಳ ಉತ್ಸಾಹ ಮೆಚ್ಚತಕ್ಕದ್ದು, ನಾಲ್ಕನೇ ತರಗತಿಯ ಕೊನೆಯ ಬೆಂಚಿನ ಬಾಲಕಿಯೊಬ್ಬಳು ಪಾಠದುದ್ದಕ್ಕೂ ಕೈ ಎತ್ತಿಯೇ ಇದ್ದುದು ಗಮನ ಸೆಳೆಯಿತು. ಗಮನ ಸೆಳೆಯಿತಂತೆ. ಆ ಮನುಷ್ಯ ನೋಡಿ ಬರೆದುಕೊಂಡು ಹೋದ, ಸಿಸ್ಟರ್ ಓದಿಯೂ ಅಂಟಿಸಿದರು, ಕೈ ಎತ್ತಲಿಲ್ಲ ಎಂದು ನಾನು ಬರೆಯಬೇಕು. ಬರೆಯುವುದಿಲ್ಲ, ಹೋಗಲಿ ಕೆಲಸ, ಹೋಗಲಿ ಜೂನು, ಬೆಳ್ಳಪ್ಪನಿಗೆ ಇಷ್ಟಾದರೂ ತಿಳಿಯಲಿ, ಅವನ ಮಗಳು ಮರೆತಿರಲಿಲ್ಲ. ಬರೆದೆ — ಮಗು ಕೈ ಎತ್ತಿತ್ತು, ಎಡಗೈ, ನಾನು ನೋಡಲಿಲ್ಲ — ಬರೆದ ಕೂಡಲೇ ಎದೆ ಎಷ್ಟು ಹಗುರ, ಸತ್ಯ ಹೇಳಿದೆ ಎನ್ನುವ ಸಮಾಧಾನ, ಜಗಲಿಯಲ್ಲಿ ಸಿಸ್ಟರ್ ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ, ಬರಲಿ, ಸಹಿ ಒಂದು ಹಾಕಿದರೆ ಮುಗಿಯಿತು, ನಾನು ನೋಡಲಿಲ್ಲ, ಅಷ್ಟೇ — ಆದರೆ ಆ ಬಲಗೈ, ಅದು ವರದಿಯಲ್ಲಿಲ್ಲ, ಹುಲಿಯಮ್ಮ ಹೇಳಿಲ್ಲ, ಮಕ್ಕಳು ಯಾರೂ ಹೇಳಿಲ್ಲ, ನೋಡದೇ ಇದ್ದರೆ ನನಗೆ ಹೇಗೆ ಗೊತ್ತು, ಸೋತ ಎಡಗೈ, ಅದರ ಮೊಣಕೈಯನ್ನು ಕೆಳಗಿನಿಂದ ಹಿಡಿದು ನಿಲ್ಲಿಸಿದ ಬಲಗೈ