ಹಳ್ಳದ ದಂಡೆಯ ದಾರಿ

"ದಾರೀನೇ ಇಲ್ವಲ್ರೀ!" ಎನ್ನುತ್ತ ಓಬಳಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲಿಂದ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಳು. ಹಿಂದಿನ ದಿನ ಮಧುಗಿರಿ ಕಡೆ ಹೊಯ್ದ ಮಳೆಗೆ ಹಳ್ಳ ಕೆಂಪಗೆ ಉಕ್ಕಿ, ದಂಡೆಯ ಕಾಲುದಾರಿಯನ್ನೇ ನುಂಗಿಹಾಕಿತ್ತು. ಲಕ್ಕಿಗಿಡಗಳ ತುದಿಗಳು ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿದ್ದವು. ಚಿಕ್ಕರಂಗಯ್ಯ ಹ್ಯಾಂಡಲ್ ಹಿಡಿದುಕೊಂಡು, ತಾನು ದುರುಗುಟ್ಟಿದರೆ ನೀರು ಹೆದರಿ ಇಳಿದೀತು ಎಂಬಂತೆ ಹಳ್ಳವನ್ನೇ ನೋಡುತ್ತಿದ್ದ.

"ಒಂದ್ ಗಂಟೆ ಕಾದ್ರೆ ಇಳೀತೈತೆ ಕಣೇ."

"ಒಂದ್ ಗಂಟೆನಾ? ಇವತ್ತು ಸ್ಕೂಲಿಗೆ ಇನ್‌ಸ್ಪೆಕ್ಟ್ರು ಬರ್ತಾರೆ. ಎಂಟೂವರೆ ಬಸ್ಸು ತಪ್ಪಿದ್ರೆ ನನ್ ಕತೆ ಮುಗೀತು. ನಡೀರಿ, ಊರೊಳಗಿಂದ್ಲೇ ಹೋಗೋಣ."

"ಊರೊಳಗೆ ಬರೀ ಕಲ್ಲು. ಟೈರು ಪಂಚರ್ ಆಯ್ತದೆ."

"ಆದ್ರೆ ಆಗ್ಲಿ, ಅಲ್ಲಿಂದ ನಡೆದ್ರಾಯ್ತು" ಎಂದು ಅವಳು ಸೈಕಲ್ಲನ್ನು ತಾನೇ ಹಿಂದಕ್ಕೆ ತಿರುಗಿಸಿದಳು.

ಮದುವೆಯಾಗಿ ಮೂರು ತಿಂಗಳು. ದಿನಾ ಬೆಳಿಗ್ಗೆ ಅವಳನ್ನು ಟಾರು ರಸ್ತೆಯ ಬಸ್ಸಿಗೆ ಬಿಟ್ಟು, ಅವನು ಮಧುಗಿರಿಯ ಆಫೀಸಿಗೆ ಸೈಕಲ್ ತುಳಿಯುತ್ತಿದ್ದ. ಹಳ್ಳದ ದಂಡೆಯ ದಾರಿ ಅರ್ಧ ಮೈಲಿ ಸುತ್ತು. ಆದರೂ ಹೊಂಗೆಯ ನೆರಳಿದೆ, ಗಾಳಿ ತಂಪಗಿದೆ, ಮಿಂಚುಳ್ಳಿ ಕಾಣುತ್ತದೆ ಎಂದು ಹೇಳಿ ಅವನು ಅವಳನ್ನು ನಂಬಿಸಿದ್ದ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ನಮ್ಮೋರಿಗೆ ಗಿಡ ಮರ ಅಂದ್ರೆ ಪ್ರಾಣ" ಎಂದು ಅವಳು ಜೊತೆಯ ಮೇಷ್ಟ್ರುಗಳ ಹತ್ತಿರ ಹೆಮ್ಮೆಪಡುತ್ತಿದ್ದಳು.

ನಿಜವಾದ ಕಾರಣ ಬೇರೆಯೇ ಇತ್ತು. ದೊಡ್ಡ ಬೀದಿಯಲ್ಲಿ ಪಟೇಲ್ ಪರ್ವತಯ್ಯನವರ ಜಗಲಿ ಇತ್ತು. ಚಿಕ್ಕರಂಗಯ್ಯನ ಕೇರಿಯವರು ಆ ಜಗಲಿಯ ಮುಂದೆ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕು, ಸೈಕಲ್ಲಿದ್ದವರು ಇಳಿದು ನೂಕಿಕೊಂಡು ಹೋಗಬೇಕು. ಹಾಗಂತ ಎಲ್ಲೂ ಬರೆದಿರಲಿಲ್ಲ. ಈಚಿನ ವರ್ಷಗಳಲ್ಲಿ ಯಾರನ್ನೂ ಯಾರೂ ಗದರಿಸಿಯೂ ಇರಲಿಲ್ಲ. ಆದರೂ ಮೊದಲ ಸಂಬಳದಲ್ಲಿ ಕೊಂಡ ಈ ಸೈಕಲ್ಲು ಆರು ವರ್ಷದಲ್ಲಿ ಒಂದು ಸಲವೂ ದೊಡ್ಡ ಬೀದಿಯ ಮುಖ ಕಂಡಿರಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಕೊರಟಗೆರೆಗೆ ಹೆಣ್ಣು ನೋಡಲು ಹೋದ ದಿನ ಮಾವ ಚನ್ನಮಲ್ಲಯ್ಯ, "ನಿಮ್ಮೂರಾಗೆ ಜನ ಹೆಂಗಪ್ಪ?" ಎಂದು ಕೇಳಿದ್ದರು. ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದ ಹುಡುಗಿ ಇವನ ಉತ್ತರಕ್ಕೆ ಕಾದು ನಿಂತಿದ್ದಳು. ನಾಲಿಗೆ ಜಾರಿತು. "ಸೈಕಲ್ ತಗಂಡ ದಿನಾನೇ ದೊಡ್ಡ ಬೀದೀಲಿ ಬೆಲ್ ಹೊಡ್ಕಂಡು ಹೋದೆ. ಪಟೇಲ್ರು ಬಾಯ್ ಬುಟ್ಕಂಡು ನೋಡ್ತಿದ್ರು." ಹುಡುಗಿ ತಲೆಯೆತ್ತಿ ನಕ್ಕಳು. ಇಬ್ಬರು ಗಂಡುಗಳನ್ನು ಬೇಡವೆಂದಿದ್ದವಳು ಇವನನ್ನು ಒಪ್ಪಿದಳು. ಮದುವೆಯಾದ ಮೇಲೆ ಆ ಕತೆಯನ್ನು ಅವಳೇ ತವರಿನಿಂದ ಬಂದ ನೆಂಟರಿಗೆಲ್ಲ ಹೇಳಿದಳು, ಹೇಳುವಾಗಲೆಲ್ಲ ಬೆಲ್ಲಿನ ಸದ್ದು ಇನ್ನಷ್ಟು ಜೋರಾಗುತ್ತಿತ್ತು. ಕೇಳಿದಾಗಲೆಲ್ಲ ಚಿಕ್ಕರಂಗಯ್ಯ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ.

ಈಗ ಅವಳು ಹಿಂದೆ ಕೂತು, "ಬೇಗ ತುಳೀರಿ" ಎನ್ನುತ್ತಿದ್ದಳು. ಸೈಕಲ್ಲು ಸೇದೋ ಬಾವಿ ದಾಟಿ ದೊಡ್ಡ ಬೀದಿಗೆ ಹೊರಳಿತು. ಏನಾದರಾಗಲಿ, ಇವತ್ತು ತುಳಿದೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ. ನಿಜವಾಗಿಯೂ ಮಾಡಿದ. ಪೆಡಲಿನ ಮೇಲೆ ಮೈಭಾರವೆಲ್ಲ ಹಾಕಿದ.

ಜಗಲಿ ಕಂಡಿತು. ಪರ್ವತಯ್ಯನವರು ಕಂಬಳಿ ಹೊದ್ದು, ಪೊರೆ ಬಂದ ಕಣ್ಣುಗಳನ್ನು ಬಿಸಿಲಿಗೆ ಒಡ್ಡಿ ಕೂತಿದ್ದರು. ಬೀದಿಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಇಳಿ ಎಂದು ಯಾರೂ ಹೇಳಲಿಲ್ಲ. ಆದರೂ ಚಿಕ್ಕರಂಗಯ್ಯನ ಬಲಗಾಲು ತಾನಾಗಿ ಎದ್ದು ಬಾರಿನ ಮೇಲಿಂದ ಈಚೆ ಬಂತು. ಸೈಕಲ್ಲು ವಾಲಿತು. ಓಬಳಮ್ಮ ಗಾಬರಿಯಾಗಿ ಕೆಳಕ್ಕೆ ಹಾರಿಕೊಂಡಳು. ಅವಳು ಸೆರಗು ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಗಂಡನ ಚಪ್ಪಲಿಗಳು ಅವನ ಕೈಯಲ್ಲಿದ್ದವು.

"ಯಾರ್ಲಾ ಅದು?" ಮುದುಕರು ಸದ್ದಿನ ಕಡೆ ಕಿವಿಕೊಟ್ಟರು.

"ನಾನು ಬುದ್ಧಿ. ದೊಡ್ಡಹನುಮಯ್ಯನ ಮಗ, ರಂಗ."

"ಸೈಕಲ್ ಸದ್ದು ಕೇಳ್ತಲ್ಲ. ಯಾಕ್ಲಾ ಇಳ್ದೆ? ನಂಗೇನ್ ಕಣ್ ಕಾಣ್ತದಾ? ಹತ್ಕಂಡು ಓಗು."

"ಇರ್ಲಿ ಬುದ್ಧಿ. ಕೆಸ್ರು ಐತೆ."

ಬೀದಿ ಚಪ್ಪಡಿ ಹಾಸಿದ್ದು. ಕೆಸರಿನ ಕುರುಹೂ ಇರಲಿಲ್ಲ. ಮೂವತ್ತು ವರ್ಷದ ಗಂಡಸು, ಸರ್ಕಾರಿ ಗುಮಾಸ್ತ, ಕುರುಡು ಮುದುಕನ ಮುಂದೆ ಬರಿಗಾಲಲ್ಲಿ ನಿಂತು ಸುಳ್ಳು ಬೊಗಳುತ್ತಿದ್ದೇನಲ್ಲ ಎಂದು ಅವನ ಕಿವಿಗಳು ಕಾದುಹೋದವು. ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಹೆಂಡತಿಯ ಕಡೆ ನೋಡಲಿಲ್ಲ. ಸೈಕಲ್ ನೂಕುತ್ತ ಮುಂದೆ ನಡೆದ. ಅವಳ ಚಪ್ಪಲಿಯ ಸದ್ದು ಚಪ್ಪಡಿಯ ಮೇಲೆ ಟಪಟಪ ಅವನ ಹಿಂದೆ ಬರುತ್ತಿತ್ತು.

ಬೀದಿ ಮುಗಿದ ಮೇಲೆ, ಈಗ ಬೈಯುತ್ತಾಳೆ ಎಂದುಕೊಂಡು ನಿಂತ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನ ಕಾಲು ನೋಡಿ, "ಚಪ್ಲಿ ಹಾಕ್ಕೊಳ್ಳಿ, ಮುಳ್ಳಿದಾವೆ" ಎಂದಳು, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ. ಟಾರು ರಸ್ತೆಯವರೆಗೂ ಇಬ್ಬರೂ ನಡೆದೇ ಹೋದರು. ಬಸ್ಸು ಸಿಕ್ಕಿತು.

ಸಂಜೆ ಬಂದವಳು ಇನ್‌ಸ್ಪೆಕ್ಟರು ಮಗ್ಗಿ ಕೇಳಿದ್ದು, ಹುಡುಗರು ತಡಬಡಾಯಿಸಿದ್ದು ಎಲ್ಲ ಹೇಳಿದಳು. ಬೆಳಗಿನ ಬೀದಿಯ ಮಾತು ಮಾತ್ರ ಬರಲೇ ಇಲ್ಲ. ಅವನು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ಮಾರನೆಯ ಬೆಳಿಗ್ಗೆ ಹಳ್ಳ ಇಳಿದಿತ್ತು. ಚಿಕ್ಕರಂಗಯ್ಯ ಸೈಕಲ್ ಒರೆಸಿ ಕ್ಯಾರಿಯರ್‌ಗೆ ಮಡಿಸಿದ ಚೀಲ ಹಾಕುತ್ತಿದ್ದಾಗ ಓಬಳಮ್ಮ ಬ್ಯಾಗು ಹೆಗಲಿಗೇರಿಸಿ ಹೊರಬಂದಳು.

"ನೀವು ಹಳ್ಳದ ಕಡೆಯಿಂದ ಬನ್ನಿ. ನಾನು ಬೀದೀಲಿ ನಡ್ಕೊಂಡು ಹೋಗ್ತೀನಿ."

"ಓಬ್ಳೂ..."

"ಕೋಪ ಇಲ್ಲಾರೀ" ಎಂದಳು. ನಿಜವಾಗಿಯೂ ಇರಲಿಲ್ಲ. ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ಬಾವಿಯ ಕಡೆ ನಡೆದಳು.

ಅವನು ಹುಚ್ಚು ಹಿಡಿದವನಂತೆ ತುಳಿದ. ಒದ್ದೆ ಮರಳಿನಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಅವಳಿಗಿಂತ ಮುಂಚೆ ಸೇರಬೇಕು ಎಂಬುದೊಂದೇ ತಲೆಯಲ್ಲಿ. ಹೊಂಗೆ ಕೊಂಬೆ ಮುಖಕ್ಕೆ ಬಡಿದದ್ದೂ ತಿಳಿಯಲಿಲ್ಲ. ಟಾರು ರಸ್ತೆಗೆ ಏದುಸಿರು ಬಿಡುತ್ತ ಬಂದಾಗ ಓಬಳಮ್ಮ ಆಗಲೇ ಬಂದು ಮೈಲಿಗಲ್ಲಿನ ಪಕ್ಕ ನಿಂತಿದ್ದಳು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

"ಯಾರಾದ್ರೂ... ಏನಾದ್ರೂ ಅಂದ್ರಾ?"

"ಯಾರ್ ಮನೇಳು ಅಂತ ಪಟೇಲ್ರು ಕೇಳಿದ್ರು. ನಿಮ್ ಹೆಸ್ರು ಹೇಳ್ದೆ. ಪೂರ್ತಿ ಹೆಸ್ರು."

ಚಿಕ್ಕರಂಗಯ್ಯ ಒಂದು ಕಾಲು ನೆಲಕ್ಕೆ ಊರಿ ಸೀಟಿನ ಮೇಲೇ ಕೂತಿದ್ದ. ಇಳಿದು ಅವಳ ಪಕ್ಕ ಹೋಗಿ ನಿಲ್ಲಬೇಕೆನಿಸಿತು. ಆದರೆ ನಿನ್ನೆಯ ಹಾಗೆ ಇನ್ನೊಮ್ಮೆ ಅವಳ ಕಣ್ಣೆದುರು ಸೈಕಲ್ಲಿನಿಂದ ಇಳಿಯಲು ಅವನ ಕಾಲು ಏಳಲಿಲ್ಲ. ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋದ ಮೇಲೂ ಅವನು ಹಾಗೆಯೇ ಕೂತಿದ್ದ.